ಟಿಟ್ಟಿಭಕ್ಕೆ ಬಿಟ್ಟ ಜಾಗ

ನನ್ನ ಗಂಟಲು ಕೈಕೊಟ್ಟದ್ದು ಏಪ್ರಿಲ್ ತಿಂಗಳಲ್ಲಿ, ಏಳನೇ ತರಗತಿಯ ಮಕ್ಕಳಿಗೆ ಫಲಿತಾಂಶ ಓದಿ ಹೇಳುತ್ತಿದ್ದಾಗ. ಒಬ್ಬ ಹುಡುಗಿಯ ಹೆಸರಿನ ಮಧ್ಯದಲ್ಲಿ ದನಿ ಒಡೆಯಿತು, ಸೀಳಿತು, ಆಮೇಲೆ ಬರೀ ಗಾಳಿ ಬಂತು. ಮಕ್ಕಳು ಮೊದಲು ನಕ್ಕರು. ನಾನು ನೀರು ಕುಡಿದು ಮತ್ತೆ ಬಾಯಿ ತೆರೆದಾಗಲೂ ಏನೂ ಹೊರಡದಿದ್ದದ್ದು ನೋಡಿ ತೆಪ್ಪಗಾದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬಸವನಗುಡಿಯ ಒಂದೇ ಶಾಲೆಯಲ್ಲಿ ಸಮಾಜ ಪಾಠ ಹೇಳಿದವಳು ನಾನು. ಆ ತರಗತಿ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ಅದೇ ಮೊದಲು ಕಂಡದ್ದು.

ಗಂಟಲು ಡಾಕ್ಟರು ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿ, ಪಕ್ಕದ ಪರದೆಯ ಮೇಲೆ ನನ್ನ ಸ್ವರತಂತುಗಳನ್ನು ನನಗೇ ತೋರಿಸಿದರು. ಅವುಗಳ ಅಂಚಿನಲ್ಲಿ ಅಕ್ಕಿ ನುಚ್ಚಿನಷ್ಟು ಸಣ್ಣ ಗಂಟುಗಳು.

"ಟೀಚರಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ.

"ಅದಕ್ಕೇ. ಆಪರೇಷನ್ ಬೇಡ ಅನ್ಸುತ್ತೆ. ಆದ್ರೆ ಬೇಸಿಗೆ ರಜೇಲಿ ಬಾಯಿ ಬಿಡಬಾರ್ದು. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು. ನಾನು ಮತ್ತೆ ನೋಡಿ ಹೇಳೋವರ್ಗೂ ಮೌನ."

ನನ್ನ ಯಜಮಾನರು ಅಂದು ಸಂಜೆಯೇ ಗಾಂಧಿ ಬಜಾರಿಗೆ ಹೋಗಿ, ಮಕ್ಕಳು ಅಕ್ಷರ ತಿದ್ದುವ ಒಂದು ಸ್ಲೇಟು, ಒಂದು ಡಬ್ಬಿ ಬಳಪ ತಂದುಕೊಟ್ಟರು. ಅವರ ಮುಖದಲ್ಲಿ ಕಾಳಜಿಯ ಜೊತೆ ಒಂದು ಸಣ್ಣ ನೆಮ್ಮದಿಯೂ ಇತ್ತು ಎಂದು ನನ್ನ ಗುಮಾನಿ.

ಮನೆಯಲ್ಲಿ ಮೌನ ನಡೆಯಲಿಲ್ಲ. ನಮ್ಮದು ಹಳೆಯ ಬೀದಿ, ಹಳೆಯ ಪರಿಚಯಗಳು. ಬೆಳಿಗ್ಗೆ ಹೂವಿನವಳು ಗೇಟಿನಲ್ಲಿ ನಿಂತು "ಅಮ್ಮಾ, ಎಷ್ಟು ಮೊಳ?" ಎಂದರೆ ನನಗರಿವಿಲ್ಲದೆ ಉತ್ತರ ಬಾಯಿಗೆ ಬಂದಿರುತ್ತಿತ್ತು. ಫೋನು ರಿಂಗಾದರೆ ಕೈ ತಾನಾಗಿ ಹೋಗುತ್ತಿತ್ತು. ವಿಷಯ ತಿಳಿದ ನೆಂಟರು "ಮಾತಾಡಬಾರದಂತೆ, ಹೌದಾ?" ಎಂದು ವಿಚಾರಿಸಲು ಫೋನು ಮಾಡಿ ನನ್ನಿಂದ ಮಾತಾಡಿಸುತ್ತಿದ್ದರು. ನಾಲ್ಕೈದು ದಿನ ಹೀಗೇ ನಡೆದ ಮೇಲೆ ಯಜಮಾನರು ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ನೀನು ಈ ಬೀದೀಲಿದ್ರೆ ಸುಮ್ನಿರೋದು ಸಾಧ್ಯ ಇಲ್ಲ. ತಂಗಿ ತೋಟಕ್ಕೆ ಹೋಗಿ ರಜೆ ಮುಗಿಯೋವರ್ಗೂ ಇದ್ದು ಬಾ. ಅವಳೂ ಮಾತು ಕಮ್ಮಿ. ಸರಿಹೋಗುತ್ತೆ."

ನನ್ನ ನಾದಿನಿ ಹುಟ್ಟಿ ಬೆಳೆದದ್ದು ನಾವೀಗ ಇರುವ ಬಸವನಗುಡಿಯ ಮನೆಯಲ್ಲೇ. ನಾನು ಸೊಸೆಯಾಗಿ ಬಂದ ಮರುವರ್ಷ ಅವಳಿಗೆ ಮದುವೆಯಾಗಿ, ಮಾಗಡಿ ರಸ್ತೆಯಿಂದ ಒಳಗೆ ಇರುವ ಒಂದು ಊರಿನ ತೋಟದ ಮನೆಗೆ ಹೋದಳು. ಗಂಡ ತರಕಾರಿ ಬೆಳೆಯುವವರು. ಹಬ್ಬಕ್ಕೆ, ಶ್ರಾದ್ಧಕ್ಕೆ ಅವಳು ಬರುತ್ತಿದ್ದಳು, ಅಡುಗೆಮನೆ ಬಾಗಿಲಲ್ಲಿ ಕೂತು ಹೂ ಕಟ್ಟುತ್ತಿದ್ದಳು, ಸಂಜೆಗೆ ಬಸ್ಸು ಹಿಡಿಯುತ್ತಿದ್ದಳು. "ಚೆನ್ನಾಗಿದೀರಾ ಅತ್ತಿಗೆ?" ಎನ್ನುವಳು. ನಾನು ಊರ ಸುದ್ದಿಯೆಲ್ಲ ಹೇಳುವೆ. ಅವಳು "ಹ್ಞೂ" ಎನ್ನುವಳು. ನಮ್ಮಿಬ್ಬರ ನಡುವೆ ಜಗಳವೂ ಇರಲಿಲ್ಲ, ಹೆಚ್ಚಿನ ಒಡನಾಟವೂ ಇರಲಿಲ್ಲ. ಅವಳ ತೋಟದಲ್ಲಿ ನಾನು ಒಂದು ರಾತ್ರಿಗಿಂತ ಹೆಚ್ಚು ಉಳಿದದ್ದೇ ಇಲ್ಲ.

ಹೋದೆ. ಎರಡು ಜೊತೆ ಬಟ್ಟೆ, ಸ್ಲೇಟು, ಬಳಪ.

ತೋಟ ದೊಡ್ಡದೇನಲ್ಲ. ರಸ್ತೆಯ ಕಡೆಗೆ ಮನೆ, ಹಿಂದೆ ಎರಡು ಹಸುವಿನ ಕೊಟ್ಟಿಗೆ, ಪಕ್ಕದಲ್ಲಿ ಟೊಮೇಟೊ ಮತ್ತು ಹುರುಳಿಕಾಯಿಯ ಸಾಲುಗಳು, ನಾಲ್ಕಾರು ಮಾವಿನ ಮರ. ಅದರಾಚೆ ಮಳೆ ನೀರು ಹಿಡಿದಿಡಲು ತೋಡಿದ ಕೃಷಿ ಹೊಂಡ. ಹೊಂಡದಾಚೆ ಬೇಲಿಯವರೆಗೂ ಒಂದು ಖಾಲಿ ಹೊಲ. ಹಿಂದಿನ ರಾಗಿಯ ಕೂಳೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮಳೆ ಬಿದ್ದ ತಕ್ಷಣ ಅಲ್ಲಿ ಅಲಸಂದೆ ಬಿತ್ತುವುದೆಂದು ಇಟ್ಟಿದ್ದರು. ಹೊಲದ ಅಂಚಿಗೆ ಒಂದು ಹೊಂಗೆ ಮರ, ಅದರ ಬುಡದಲ್ಲಿ ಕೂರಲು ಒಂದು ಕಲ್ಲು ಚಪ್ಪಡಿ.

ನಾದಿನಿ ಬಂದವರಿಗೆಲ್ಲ ಒಂದೇ ಮಾತು ಹೇಳಿದಳು: "ನಮ್ಮತ್ತಿಗೆ ಮಾತಾಡಲ್ಲ. ಡಾಕ್ಟ್ರು ಬೇಡ ಅಂದಿದಾರೆ." ಊರಿನವರು ಇದನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಂಡರು. ಹಾಲಿಗೆ ಬರುವ ಅಜ್ಜಿ ನನ್ನ ಕಿವಿಯ ಹತ್ತಿರ ಬಂದು, ಬೀದಿಗೆಲ್ಲ ಕೇಳುವಂತೆ, "ಊಟ ಆಯ್ತೇನವ್ವಾ?" ಎಂದು ಕೂಗುತ್ತಿದ್ದಳು. ನಾನು ಸ್ಲೇಟಿನ ಮೇಲೆ "ಕಿವಿ ಕೇಳುತ್ತೆ" ಎಂದು ಬರೆದು ತೋರಿಸಿದೆ. ಅಜ್ಜಿಗೆ ಓದು ಬಾರದು. ಸ್ಲೇಟನ್ನು ತಿರುಗಿಸಿ ನೋಡಿ, "ಚೆನ್ನಾಗೈತೆ" ಎಂದು ವಾಪಸು ಕೊಟ್ಟಳು. ನಾದಿನಿ ಬೆನ್ನು ತಿರುಗಿಸಿ ನಿಂತು ನಗುತ್ತಿದ್ದದ್ದು ಅವಳ ಭುಜ ಕುಲುಕುವುದರಿಂದ ನನಗೆ ತಿಳಿಯಿತು.

ಅಲ್ಲಿ ಎಲ್ಲರಿಗೂ ಕೆಲಸವಿತ್ತು, ನನಗೊಬ್ಬಳಿಗೆ ಇರಲಿಲ್ಲ. ನಾದಿನಿಯ ಗಂಡ ನಸುಕಿನಲ್ಲೇ ಗೂಡ್ಸ್ ಆಟೋದಲ್ಲಿ ತರಕಾರಿ ತುಂಬಿಕೊಂಡು ಕಲಾಸಿಪಾಳ್ಯಕ್ಕೆ ಹೊರಡುವರು, ಬಿಸಿಲೇರಿದ ಮೇಲೆ ಬರುವರು. ನಾದಿನಿ ಹಾಲು ಕರೆದು, ಸಗಣಿ ಬಾಚಿ, ಹನಿ ನೀರಾವರಿಯ ಕೊಳವೆಗಳನ್ನು ಒಂದೊಂದಾಗಿ ನೋಡಿಕೊಂಡು ಬರುವಳು. ನಾನು ಹುರುಳಿಕಾಯಿ ಕೀಳಲು ಹೋದರೆ, ಬಲಿತದ್ದನ್ನು ಬಿಟ್ಟು ಎಳೆಯದನ್ನು ಕಿತ್ತೆನೆಂದು ಮೆಲ್ಲನೆ ಕೈಯಿಂದ ಬುಟ್ಟಿ ತೆಗೆದುಕೊಂಡಳು. "ನೀವು ಹೊಂಗೆ ಮರದ ಕೆಳಗೆ ತಂಪಾಗಿ ಕೂತ್ಕೊಳಿ ಅತ್ತಿಗೆ" ಎಂದಳು. ಹೀಗೆ ನಾನು ಅಲ್ಲಿ ಕೂತೆ.

ಮೊದಲ ಎರಡು ದಿನ ನನಗೆ ಕಂಡದ್ದು ಬರೀ ಬಿಸಿಲು. ಮೂರನೆಯ ದಿನದಿಂದ ಒಂದೊಂದೇ ಕಾಣಿಸತೊಡಗಿತು. ಹಸು ಮೇಯುವಾಗ ಅದರ ಬೆನ್ನಿನ ಮೇಲೆ ಕೂರುವ ಕಾಜಾಣ, ಅದು ಹುಲ್ಲಿನಿಂದೆದ್ದ ಮಿಡತೆಯನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ಬೆನ್ನಿಗೆ ಬರುತ್ತಿತ್ತು. ಹೊಂಡದ ಮೋಟಾರು ಕೊಳವೆಯ ಮೇಲೆ ಒಂದು ಮಿಂಚುಳ್ಳಿ. ಮಾವಿನ ಬೇರಿನ ಸಂದಿಯಲ್ಲಿ ಒಂದು ಕೇರೆಹಾವು. ಅದು ಮಧ್ಯಾಹ್ನ ನಿಧಾನಕ್ಕೆ ಹೊರಗೆ ಬಂದು, ಯಾರದೋ ಮನೆಗೆ ಹೊರಟ ಹಾಗೆ ಒಂದೇ ದಾರಿಯಲ್ಲಿ ಕೊಟ್ಟಿಗೆ ಕಡೆಗೆ ಹೋಗುತ್ತಿತ್ತು. ಬೇಲಿಯಲ್ಲಿ ಕೆಂಬೂತ ದೊಡ್ಡ ಹೆಜ್ಜೆ ಹಾಕುತ್ತಾ ಏನನ್ನೋ ಹುಡುಕುತ್ತಿತ್ತು. ಇವುಗಳ ಹೆಸರು ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದೆ. ಆದರೆ ಒಂದು ಹಕ್ಕಿಯನ್ನು ಅದರ ಕೆಲಸ ಮುಗಿಯುವವರೆಗೂ ನೋಡಿದ್ದು ನೆನಪಿಲ್ಲ. ನಾನು ಯಾವಾಗಲೂ ಪಕ್ಕದವರಿಗೆ "ಅಲ್ಲಿ ನೋಡಿ, ಅಲ್ಲಿ ನೋಡಿ" ಎಂದು ತೋರಿಸುವವಳು. ಅಷ್ಟರಲ್ಲಿ ಅದು ಹಾರಿಹೋಗಿರುತ್ತಿತ್ತು.

ನಾದಿನಿಗೆ ಹಕ್ಕಿಗಳ ಮೇಲೆ ವಿಶೇಷ ಮಮತೆಯೇನೂ ಇರಲಿಲ್ಲ. ನವಿಲು ಕಂಡರೆ ಅವಳಿಗೆ ಸಿಟ್ಟು. ಅವು ಟೊಮೇಟೊ ಹಣ್ಣನ್ನು ಒಂದೊಂದು ಕುಕ್ಕು ಕುಕ್ಕಿ ಬಿಟ್ಟುಹೋಗುತ್ತಿದ್ದವು. ಬೆಳಿಗ್ಗೆ ಸಾಲಿನ ನಡುವೆ ನೀಲಿ ಕತ್ತು ಎದ್ದರೆ ಸಾಕು, ಹಳೇ ಎಣ್ಣೆ ಡಬ್ಬಿ ಬಡಿದುಕೊಂಡು ಓಡುವಳು. "ಫೋಟೋ ತೆಗೆಯೋರಿಗೆ ಚೆಂದ. ನಮಗೆ ಅರ್ಧ ಬುಟ್ಟಿ ಹಣ್ಣು ಹಾಳು" ಎಂದಳು ಒಮ್ಮೆ. ಅವಳು ನನ್ನೊಡನೆ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅಪರೂಪ.

ಹೊಂಗೆ ಮರದ ಕೆಳಗೆ ಹೋಗಿ ಕೂರುವಾಗೆಲ್ಲ ಎದುರಿನ ಖಾಲಿ ಹೊಲದಿಂದ ಎರಡು ಹಕ್ಕಿಗಳು ಎದ್ದು ಕಿರಿಚುತ್ತಿದ್ದವು. "ಟಿಟ್ಟಿ-ಟಿಟ್ಟಿಭ, ಟಿಟ್ಟಿ-ಟಿಟ್ಟಿಭ" ಎಂದು ನನ್ನ ತಲೆಯ ಮೇಲೆ ಸುತ್ತುತ್ತಿದ್ದವು. ಕಂದು ರೆಕ್ಕೆ, ಕಪ್ಪು ಎದೆ, ಉದ್ದನೆಯ ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ಚರ್ಮ. ನಾನು ಅಲುಗದೆ ಕೂತ ಮೇಲೆ ಸುಮ್ಮನಾಗಿ ಎಲ್ಲೆಲ್ಲೋ ಇಳಿಯುತ್ತಿದ್ದವು. ಒಂದು ಓಡುತ್ತಾ ಹೋಗಿ ಹೊಲದ ನಡುವೆ ಕಾಲು ಮಡಚಿ ಕೂರುತ್ತಿತ್ತು, ಆಮೇಲೆ ಎಷ್ಟು ಹೊತ್ತಾದರೂ ಏಳುತ್ತಿರಲಿಲ್ಲ. ಅಲ್ಲಿ ಏನೋ ಇದೆ ಎಂದು ನನಗೆ ಹೊಳೆಯಲು ಕೆಲವು ದಿನ ಬೇಕಾಯಿತು.

ಒಂದು ಬೆಳಿಗ್ಗೆ ಬಿಸಿಲೇರುವ ಮುಂಚೆ ಎದ್ದುಹೋಗಿ ನೋಡಿದೆ. ಎರಡೂ ಮೇಲೆದ್ದು ಗಲಾಟೆ ಮಾಡಿದವು, ಒಂದು ನನ್ನ ಮುಖದ ಹತ್ತಿರಕ್ಕೇ ಬಂತು. ಮೊದಲು ಏನೂ ಕಾಣಲಿಲ್ಲ. ಕಾಲು ಎತ್ತಿ ಇಡುವಷ್ಟರಲ್ಲಿ ಕಂಡಿತು. ನೆಲದಲ್ಲಿ ಒಂದು ಸಣ್ಣ ತಗ್ಗು, ಅಂಚಿಗೆ ಬೆಣಚುಕಲ್ಲಿನ ಚೂರು ಮತ್ತು ಒಣ ಆಡಿನ ಹಿಕ್ಕೆ. ನಡುವೆ ನಾಲ್ಕು ಮೊಟ್ಟೆ, ಚೂಪಾದ ತುದಿಗಳೆಲ್ಲ ಒಳಮುಖ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎತ್ತಿದ ಕಾಲನ್ನು ಹಿಂದಕ್ಕೇ ಇಟ್ಟೆ. ಬಂದ ಹೆಜ್ಜೆಯಲ್ಲೇ ಮರಳಿ ಬಂದು ಚಪ್ಪಡಿಯ ಮೇಲೆ ಕೂತೆ.

ಅವತ್ತಿನಿಂದ ನನಗೆ ಕೆಲಸ ಸಿಕ್ಕಂತಾಯಿತು. ಎರಡೂ ಹಕ್ಕಿಗಳು ಪಾಳಿ ಹಾಕಿಕೊಂಡು ಕೂರುತ್ತಿದ್ದವು. ನಡು ಹಗಲಲ್ಲಿ ನೆಲ ಕೆಂಡವಾಗಿರುತ್ತಿತ್ತು. ಆಗ ಕೂತದ್ದು ರೆಕ್ಕೆ ಸ್ವಲ್ಪ ಬಿಡಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಾ ನೆರಳು ಕೊಡುತ್ತಿತ್ತು. ಇನ್ನೊಂದು ಹೊಂಡಕ್ಕೆ ಹಾರಿ, ಅಂಚಿನ ನೀರಿನಲ್ಲಿ ಕೂತು, ಹೊಟ್ಟೆಯ ಗರಿಗಳನ್ನು ಚೆನ್ನಾಗಿ ನೆನೆಸಿಕೊಳ್ಳುತ್ತಿತ್ತು. ನೀರು ತೊಟ್ಟಿಕ್ಕುತ್ತಿರುವಾಗಲೇ ಬಂದು ಮೊದಲನೆಯದನ್ನು ಎಬ್ಬಿಸಿ ಮೊಟ್ಟೆಗಳ ಮೇಲೆ ತಾನು ಕೂರುತ್ತಿತ್ತು. ಬಿಸಿಲು ಹೆಚ್ಚಿದ ದಿನ ಮತ್ತೆ ಮತ್ತೆ ಹೀಗೇ ಹೊಂಡಕ್ಕೆ ಹೋಗಿ ಬರುತ್ತಿದ್ದವು.

ಇದನ್ನು ಯಾರಿಗಾದರೂ ಹೇಳದೆ ನನ್ನಿಂದ ಇರಲಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಸ್ಲೇಟಿನಲ್ಲಿ ಬರೆದು ನಾದಿನಿಗೆ ತೋರಿಸಿದೆ: "ಟಿಟ್ಟಿಭ ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗೆ ತಂಪು ಮಾಡುತ್ತೆ."

ಅವಳು ಕೈಯಲ್ಲಿ ಮುದ್ದೆ ಹಿಡಿದುಕೊಂಡೇ ಓದಿದಳು. "ಹೌದಾ? ಅವು ವರ್ಷಾ ವರ್ಷಾ ಎಲ್ಲೋ ಒಂದ್ಕಡೆ ಇಡ್ತವೆ, ಗೊತ್ತು. ಒಂದ್ಸಲ ನಾನೇ ತುಳಿದಿದೀನಿ. ಆದ್ರೆ ಇದು ನೋಡಿರ್ಲಿಲ್ಲ. ಕೂತ್ಕೊಂಡು ನೋಡೋಕೆ ಟೈಮೆಲ್ಲಿ ಅತ್ತಿಗೆ?"

ಅಂದು ಊಟದ ಪಾತ್ರೆ ತೊಳೆದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಹಿಂದೆಯೇ ಬಂದಳು. ಇಬ್ಬರೂ ಚಪ್ಪಡಿಯ ಮೇಲೆ ಕೂತೆವು. ಹಕ್ಕಿ ಹೊಂಡಕ್ಕೆ ಹೋಗಿ ಬಂತು. ಅವಳು ಎದ್ದು ಹೋಗುವಾಗ, "ಪಾಪ, ನಮ್ಮ ಥರಾನೇ ಓಡಾಟ" ಎಂದಳು.

ಮೇ ತಿಂಗಳ ನಡುವೆ ಒಂದು ಸಂಜೆ ಪಶ್ಚಿಮದಲ್ಲಿ ಮೋಡ ಕಪ್ಪಗೆ ಕಟ್ಟಿತು. ಗಾಳಿಗೆ ಮಾವಿನಕಾಯಿ ದಬದಬ ಉದುರಿದವು. ಆಮೇಲೆ ಒಳ್ಳೆಯ ಮಳೆ. ನಾನು ಕಿಟಕಿಯಲ್ಲಿ ನಿಂತು, ಹೊಲದ ನಡುವೆ ಕೂತಿರುವ ಹಕ್ಕಿಯನ್ನೇ ನೆನೆಯುತ್ತಿದ್ದೆ. ನಾದಿನಿಯ ಗಂಡ ಮಾತ್ರ ಬಹಳ ಖುಷಿಯಾಗಿದ್ದರು. ಯಾರಿಗೋ ಫೋನು ಮಾಡಿ, "ನಾಳಿದ್ದು ಮಣ್ಣು ಹದವಾಗುತ್ತೆ, ಮೊದಲು ನಮ್ಮ ಹೊಲಕ್ಕೆ ಬಂದ್ಬಿಡಪ್ಪ" ಎಂದು ಹೇಳುತ್ತಿದ್ದರು. ಒಂದೇ ಟ್ರ್ಯಾಕ್ಟರಿಗೆ ಊರೆಲ್ಲ ಕಾಯುವ ಸಮಯ ಅದು. ಅದು ಬಂದಾಗ ನಾವು ಸಿದ್ಧವಿಲ್ಲದಿದ್ದರೆ ಮುಂದಿನವರ ಹೊಲಕ್ಕೆ ಹೋಗುತ್ತದೆ, ಅಷ್ಟರಲ್ಲಿ ಮಣ್ಣು ಒಣಗುತ್ತದೆ. ಇದನ್ನೆಲ್ಲ ಅವರು ನನಗೆ ಉತ್ಸಾಹದಿಂದ ವಿವರಿಸಿದರು. ನಾನು ಸ್ಲೇಟು ತೆಗೆದುಕೊಂಡು "ಹೊಲದಲ್ಲಿ ಮೊಟ್ಟೆ ಇದೆ" ಎಂದು ಬರೆದೆ. ಅವರು ಓದಿ, "ಹೌದಾ ಅಕ್ಕಾ? ನೋಡೋಣ, ನೋಡೋಣ" ಎಂದರು. ಆ 'ನೋಡೋಣ'ದಲ್ಲಿ ನನಗೆ ಅಷ್ಟೇನೂ ನಂಬಿಕೆ ಹುಟ್ಟಲಿಲ್ಲ. ನಾಳಿದ್ದು ತಾನೇ, ನಾಳೆ ನಾದಿನಿಗೆ ಸರಿಯಾಗಿ ಬರೆದು ತೋರಿಸಿ ಒಂದು ಕಡ್ಡಿ ನೆಟ್ಟು ಗುರುತು ಮಾಡಿಸೋಣ ಎಂದುಕೊಂಡೆ.

ಟ್ರ್ಯಾಕ್ಟರು ಮರುದಿನ ಬೆಳಿಗ್ಗೆಯೇ ಬಂತು. ಎಲ್ಲೋ ಒಂದು ಹೊಲ ಇನ್ನೂ ಕೆಸರಾಗಿತ್ತಂತೆ, ಅದನ್ನು ಬಿಟ್ಟು ಡ್ರೈವರು ನೇರ ಇಲ್ಲಿಗೆ ಬಂದಿದ್ದರು. ನಾದಿನಿಯ ಗಂಡ ಕಲಾಸಿಪಾಳ್ಯದಲ್ಲಿದ್ದರು. ನಾದಿನಿ ಹಾಲು ಹಾಕಲು ಡೈರಿಗೆ ಹೋಗಿದ್ದಳು. ನಾನು ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದೆ. ಇಂಜಿನ್ನಿನ ಸದ್ದು ರಸ್ತೆಯದು ಎಂದುಕೊಂಡೆ. ಆಮೇಲೆ ಟಿಟ್ಟಿಭದ ಕೂಗು ಕೇಳಿತು. ಅಂಥ ಕೂಗನ್ನು ಅವುಗಳಿಂದ ನಾನು ಅದುವರೆಗೆ ಕೇಳಿರಲಿಲ್ಲ.

ಬ್ರಷ್ಷು ಕೈಯಲ್ಲೇ ಇತ್ತು. ಟೊಮೇಟೊ ಸಾಲಿನ ನಡುವೆ, ಹೊಂಡದ ಏರಿಯ ಮೇಲೆ ಸೀರೆ ಎತ್ತಿ ಹಿಡಿದು ಓಡಿದೆ. ಟ್ರ್ಯಾಕ್ಟರು ಆಗಲೇ ಬೇಲಿಯ ಕಡೆಯಿಂದ ಕೆಲವು ಸಾಲು ಉತ್ತು ತಿರುಗಿ ನಡುವಿಗೆ ಬರುತ್ತಿತ್ತು. ಅದರ ಹಿಂದೆ ಹೊಸ ಮಣ್ಣಿನಲ್ಲಿ ಬೆಳ್ಳಕ್ಕಿಗಳ ದಂಡು ಹುಳ ಹೆಕ್ಕುತ್ತಾ ಸಂಭ್ರಮದಲ್ಲಿತ್ತು. ಡ್ರೈವರು ಬೆನ್ನ ಹಿಂದಿನ ನೇಗಿಲನ್ನು ತಿರುಗಿ ತಿರುಗಿ ನೋಡುತ್ತಿದ್ದರು, ಮುಂದೆ ನೋಡುತ್ತಿರಲಿಲ್ಲ. ಗೂಡಿನ ಮೇಲೆ ಒಂದು ಹಕ್ಕಿ ಎದ್ದು ನಿಂತಿತ್ತು. ಹಾರಿರಲಿಲ್ಲ. ಎರಡೂ ರೆಕ್ಕೆ ಅಗಲಿಸಿ, ಬಾಗಿ, ಬರುತ್ತಿರುವ ದೊಡ್ಡ ಚಕ್ರಗಳ ಎದುರಿಗೆ ಕಿರಿಚುತ್ತಾ ನಿಂತಿತ್ತು.

ಕೂಗಬೇಕೆನಿಸಿತು. ಬಾಯಿ ತೆರೆದೆ ಕೂಡ. ಇಂಜಿನ್ನಿನ ಸದ್ದಿನಲ್ಲಿ ನನ್ನ ಆ ದನಿ ಯಾರಿಗೆ ಕೇಳೀತು ಎಂದು ಅದೇ ಕ್ಷಣ ಗೊತ್ತಾಯಿತು. ಓಡಿಹೋಗಿ ಹಕ್ಕಿಗೂ ಟ್ರ್ಯಾಕ್ಟರಿಗೂ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟೆ.

ಡ್ರೈವರು ಮುಂದೆ ತಿರುಗಿದವರು ಬ್ರೇಕು ಒತ್ತಿದರು. ಟ್ರ್ಯಾಕ್ಟರು ಮುಗ್ಗರಿಸಿ ನಿಂತಿತು. ದಪ್ಪ ಮೀಸೆಯ, ನನ್ನ ವಯಸ್ಸಿನವರೇ ಆದ ಮನುಷ್ಯ.

"ಏನಮ್ಮಾ ನಿಮಗೆ? ಸಾಯೋಕೆ ಬೇರೆ ಜಾಗ ಸಿಗ್ಲಿಲ್ವಾ?"

ನಾನು ಬಾಯಿ ಮುಟ್ಟಿ, ಕೈ ಆಡಿಸಿ, ಹಿಂದಕ್ಕೆ ತೋರಿಸಿದೆ. ಬಾಯಲ್ಲಿ ಪೇಸ್ಟಿನ ನೊರೆ, ಕೈಯಲ್ಲಿ ಬ್ರಷ್ಷು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನು? ಏನಿದೆ ಅಲ್ಲಿ? ಹಾವಾ?"

ನಾನು ಇಲ್ಲವೆಂದು ತಲೆಯಾಡಿಸಿ ಕುಕ್ಕುರುಗಾಲಲ್ಲಿ ಕೂತೆ. ಹಕ್ಕಿ ನನ್ನಿಂದ ಸ್ವಲ್ಪ ದೂರ ಓಡಿ ನಿಂತಿತು. ಬ್ರಷ್ಷಿನ ಹಿಡಿಯಿಂದಲೇ ತಗ್ಗಿನ ಸುತ್ತ ಮಣ್ಣಿನಲ್ಲಿ ಒಂದು ಗೆರೆ ಎಳೆದೆ. ಅವರು ಸೀಟಿನಿಂದ ಬಗ್ಗಿ ನೋಡಿದರು, ಕಾಣಲಿಲ್ಲ. ಕೆಳಗಿಳಿದು ಬಂದು ನನ್ನ ಪಕ್ಕದಲ್ಲಿ ನಿಂತರು.

"ಅಯ್ಯೋ. ಮೊಟ್ಟೆ." ನನ್ನ ಕಡೆ ತಿರುಗಿ, "ಇಷ್ಟಕ್ಕಾ ಅಡ್ಡ ಬಂದಿದ್ದು? ನನ್ನ ಜೀವ ಬಾಯಿಗೆ ಬಂದಿತ್ತಲ್ಲಮ್ಮಾ" ಎಂದರು.

ಅಷ್ಟರಲ್ಲಿ ನಾದಿನಿ ಖಾಲಿ ಹಾಲಿನ ಕ್ಯಾನು ಹಿಡಿದು ಏರಿಯ ಮೇಲಿಂದ ಓಡಿಬಂದಳು. ಡ್ರೈವರು ಅವಳಿಗೆ ದೂರು ಹೇಳಿದರು. "ನೋಡಕ್ಕಾ, ಈಯಮ್ಮ ಗಾಡಿಗೇ ಅಡ್ಡ ನಿಂತ್ರು. ಮಧ್ಯದಲ್ಲಿ ಬಿಟ್ಟು ಹೊಡಿಬೇಕಂದ್ರೆ ಗಾಡಿ ತಿರುಗಿಸೋದು ಕಷ್ಟ. ಆಮೇಲೆ ಆ ಜಾಗದಲ್ಲಿ ಕಳೆ ಎದ್ದು ಸುತ್ತ ಹಬ್ಬುತ್ತೆ. ಅಲ್ಲಿ ನೋಡಿದ್ರೆ ಇನ್ನೂ ಅಷ್ಟು ಜನ ಕಾಯ್ತಾವ್ರೆ. ಮೊಟ್ಟೆ ಎತ್ತಿ ಬದುವಿನ ಮೇಲೆ ಇಡೋಣ ಬಿಡಿ, ಅಲ್ಲೇ ಬಂದು ಕೂತ್ಕೋತವೆ."

"ಕೂತ್ಕೊಳಲ್ಲ" ಎಂದಳು ನಾದಿನಿ. "ಒಂದ್ವರ್ಷ ನಮ್ಮನೆಯವರು ಹಾಗೇ ಎತ್ತಿಟ್ಟಿದ್ರು. ಕಾಗೆ ತಿಂದ್ವು."

ಅವಳು ತಗ್ಗನ್ನು ನೋಡಿದಳು. ಆಮೇಲೆ ಹೊಲವನ್ನು ನೋಡಿದಳು, ಬೇಲಿಯಿಂದ ಬೇಲಿಯವರೆಗೆ, ಬೆಳೆ ಬೆಳೆಯುವವರು ನೋಡುವ ಹಾಗೆ. ಅವಳಿಗೆ ಅದು ಹಕ್ಕಿಯ ಪ್ರಶ್ನೆ ಮಾತ್ರವಲ್ಲ ಎಂದು ನನಗೆ ತಿಳಿದಿತ್ತು. ನಾನು ರಜೆ ಮುಗಿದರೆ ಹೊರಡುವವಳು. ಕಳೆ ಕೀಳುವವಳು ಅವಳು. ಸ್ಲೇಟು ಮನೆಯಲ್ಲಿತ್ತು, ಕೈಯಲ್ಲಿದ್ದಿದ್ದರೂ ಏನು ಬರೆಯುತ್ತಿದ್ದೆನೋ ಗೊತ್ತಿಲ್ಲ.

"ಸುತ್ತ ಹೊಡಿಯಣ್ಣಾ" ಎಂದಳು ಕೊನೆಗೆ. "ಒಂದು ಮಂಚ ಹಾಕೋವಷ್ಟು ಜಾಗ ಬಿಡು. ಅಷ್ಟರಿಂದ ನಮ್ಮ ಅಲಸಂದೆ ಏನೂ ಕಮ್ಮಿ ಆಗಲ್ಲ. ಕಳೆ ನಾನು ಕೈಯಲ್ಲಿ ತೆಗಿತೀನಿ."

"ನಿಮ್ಮಿಷ್ಟ" ಎಂದು ಅವರು ಗೊಣಗುತ್ತಾ ಹತ್ತಿದರು. ಆದರೆ ಆಮೇಲೆ ಅವರು ಉತ್ತ ರೀತಿ ನನಗೆ ಇನ್ನೂ ನೆನಪಿದೆ. ಗೂಡಿನ ಹತ್ತಿರ ಬಂದಾಗೆಲ್ಲ ವೇಗ ತಗ್ಗಿಸಿ, ನೇಗಿಲನ್ನು ಮೇಲೆತ್ತಿ, ಕತ್ತು ಹೊರಚಾಚಿ ಎರಡೂ ಕಡೆ ನೋಡಿಕೊಂಡು ಗಾಡಿ ದಾಟಿಸುತ್ತಿದ್ದರು. ಮುಗಿಸಿ ಹೊರಡುವಾಗ ನನ್ನ ಮುಂದೆ ಗಾಡಿ ನಿಲ್ಲಿಸಿ, "ಸರಿಹೋಯ್ತಾಮ್ಮಾ?" ಎಂದು ಕೇಳಿದರು. ನಾನು ಕೈ ಮುಗಿದೆ.

ಕೆಂಪು ಮಣ್ಣಿನ ನಡುವೆ ಒಂದು ಬೂದು ಬಣ್ಣದ ತುಂಡು ಉಳಿಯಿತು. ಹಕ್ಕಿಗಳು ಮಾತ್ರ ಗೂಡಿಗೆ ಮರಳಲಿಲ್ಲ. ಬೇಲಿಯ ಮೇಲೆ, ಹೊಂಡದ ಏರಿಯ ಮೇಲೆ ನಿಂತು ಕೂಗಿದವು. ಅಲ್ಲಿಯವರೆಗೆ ಹಾರಿ ಬಂದವು, ಇಳಿಯಲಿಲ್ಲ. ಬಿಸಿಲು ಏರುತ್ತಿತ್ತು, ಮೊಟ್ಟೆಗಳು ಬಟಾಬಯಲಿನಲ್ಲಿದ್ದವು. ಮಾವಿನ ಮರದ ತುದಿಯಲ್ಲಿ ಒಂದು ಕಾಗೆ ಆಗಲೇ ಬಂದು ಕೂತಿತ್ತು. ನಾನು ಚಪ್ಪಡಿಯ ಮೇಲೆ ಕೂತೆ. ಕಾಗೆ ಇಳಿದರೆ ಎದ್ದು ಓಡಿಸಬೇಕು, ಎದ್ದರೆ ಟಿಟ್ಟಿಭ ಹೆದರುತ್ತದೆ. ಏನು ಮಾಡಲೂ ತೋಚಲಿಲ್ಲ.

ನಾದಿನಿ ಎರಡು ಲೋಟ ಮಜ್ಜಿಗೆ ತಂದು ನನ್ನ ಪಕ್ಕದಲ್ಲಿ ಕೂತಳು. ಅವಳಿಗೆ ನೂರು ಕೆಲಸವಿತ್ತು. ಆದರೂ ಕೂತಳು. ಸ್ವಲ್ಪ ಹೊತ್ತಿನ ಮೇಲೆ, ಹೊಲದ ಕಡೆ ನೋಡುತ್ತಲೇ ಮಾತಾಡತೊಡಗಿದಳು.

"ನಾನು ಇಲ್ಲಿಗೆ ಬಂದಾಗ ನನಗೆ ಏನೂ ಗೊತ್ತಿರ್ಲಿಲ್ಲ ಅತ್ತಿಗೆ. ನಿಮಗೆ ಗೊತ್ತಲ್ಲ, ನಮ್ಮನೆ ಮುಂದೆ ಬೀದಿದೀಪ, ಬುಲ್ ಟೆಂಪಲ್ ರೋಡಲ್ಲಿ ರಾತ್ರಿಯೆಲ್ಲಾ ಗಾಡಿ ಸದ್ದು. ಇಲ್ಲಿ ಕತ್ತಲೆ ಅಂದ್ರೆ ಕತ್ತಲೆ. ಮೊದಲನೇ ವರ್ಷ ಹಸು ಹತ್ರ ಹೋಗೋಕೇ ಭಯ. ಒಂದಿನ ಕೊಟ್ಟಿಗೇಲಿ ಹಾವು ನೋಡಿ, ಸಗಣಿ ಬುಟ್ಟಿ ಬಿಸಾಕಿ ರಸ್ತೆಗೆ ಓಡ್ಹೋಗಿದ್ದೆ. ಬಸ್ಸು ಬಂದಿದ್ರೆ ಹತ್ತಿ ನೇರ ಮನೆಗೆ ಬಂದ್ಬಿಡ್ತಿದ್ದೆ. ಬಸ್ಸು ಬರ್ಲಿಲ್ಲ."

ನಾನು ಅವಳ ಕಡೆ ತಿರುಗಿದೆ. ಅವಳು ನಗುತ್ತಿದ್ದಳು.

"ಕೂತ್ಕೊಂಡೆ ಬಸ್ ಸ್ಟಾಪಲ್ಲಿ. ಕೈಯೆಲ್ಲಾ ಸಗಣಿ. ನಮ್ಮತ್ತೆ ಬಂದ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಪಕ್ಕದಲ್ಲಿ ಕೂತ್ರು, ನಾನು ಏಳೋವರ್ಗೂ ಕೂತೇ ಇದ್ರು. ಆಮೇಲೆ ಇಬ್ರೂ ಬಂದ್ವಿ. ಅವತ್ತಿಂದ ಅವರು ನನ್ನ ಜೊತೆ ಕೊಟ್ಟಿಗೆಗೆ ಬರೋರು, ಏನೂ ಹೇಳಿಕೊಡ್ತಿರ್ಲಿಲ್ಲ, ಸುಮ್ನೆ ನಿಂತಿರೋರು. ಅಣ್ಣನಿಗೂ ಇದು ಹೇಳಿಲ್ಲ ನಾನು. ನೀವು ಉತ್ತರ ಕೊಡಲ್ಲ ಅಂತ ಗೊತ್ತಲ್ಲ, ಅದಕ್ಕೆ ಹೇಳೋಕೆ ಸಲೀಸು."

ಅವಳ ಅತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಆ ಸಾವಿಗೆ ನಾವು ಹೋಗಿದ್ದೆವು, ನಾನು ಎಲ್ಲರಿಗೂ ಸಮಾಧಾನ ಹೇಳಿದ್ದೆ. ನಾದಿನಿ ಆ ದಿನ ಕೊಟ್ಟಿಗೆಯಲ್ಲೇ ಹೆಚ್ಚು ಹೊತ್ತು ಇದ್ದದ್ದು ನನಗೆ ಈಗ ನೆನಪಾಯಿತು. ನಾನು ಅವಳ ಕೈ ಹಿಡಿದೆ. ಒರಟು ಕೈ, ಉಗುರಿನ ಸಂದಿಯಲ್ಲಿ ಟೊಮೇಟೊ ಗಿಡದ ಹಸಿರು ಕಪ್ಪು.

"ಅಲ್ನೋಡಿ" ಎಂದಳು ಅವಳು, ಬಹಳ ಮೆಲ್ಲಗೆ.

ಹಕ್ಕಿ ಇಳಿದಿತ್ತು. ಹೊಸ ಮಣ್ಣಿನ ಹೆಂಟೆಗಳ ಮೇಲೆ ತಡವರಿಸುತ್ತಾ ನಾಲ್ಕು ಹೆಜ್ಜೆ ಓಡಿ ನಿಂತಿತು, ತಲೆ ಆಡಿಸಿತು, ಮತ್ತೆ ಓಡಿತು. ಬೂದು ತುಂಡಿನ ಅಂಚಿಗೆ ಬಂದು ಬಹಳ ಹೊತ್ತು ನಿಂತಿತು. ಆಮೇಲೆ ಒಳಗೆ ನಡೆದು, ಎದೆಯ ಗರಿ ಕೆದರಿ, ಮೊಟ್ಟೆಗಳ ಮೇಲೆ ಕೂತಿತು. ಅದರ ಹೊಟ್ಟೆಯಿಂದ ನೀರು ಇಳಿಯುತ್ತಿತ್ತು.

ನಾವಿಬ್ಬರೂ ಆ ಮಧ್ಯಾಹ್ನದ ಅಡುಗೆ ತಡ ಮಾಡಿದೆವು. ಮಾರುಕಟ್ಟೆಯಿಂದ ಹಸಿದು ಬಂದ ನಾದಿನಿಯ ಗಂಡ ಖಾಲಿ ಒಲೆ ನೋಡಿ, ನಮ್ಮನ್ನು ಹುಡುಕುತ್ತಾ ಹೊಂಗೆ ಮರಕ್ಕೇ ಬಂದರು. ಹೊಲದ ನಡುವೆ ಉಳಿದಿದ್ದ ತುಂಡನ್ನು ನೋಡಿ "ಇದೇನಿದು?" ಎಂದರು. "ಅದು ಅವರ ಮನೆ" ಎಂದಳು ನಾದಿನಿ. ಅವರು ತಲೆ ಕೆರೆದುಕೊಂಡು ಒಳಗೆ ಹೋಗಿ ತಾವೇ ಅನ್ನಕ್ಕಿಟ್ಟರು.

ತಿಂಗಳ ಕೊನೆಗೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ನಸುಕಿನಲ್ಲಿ ಹುರುಳಿಕಾಯಿ ಮೂಟೆಗಳ ಪಕ್ಕದಲ್ಲಿ ಕೂತು ಕಲಾಸಿಪಾಳ್ಯಕ್ಕೆ ಬಂದಿಳಿದೆ. ಹಮಾಲರ ಕೂಗು, ಲಾರಿಗಳ ಹಾರ್ನು, ಸೊಪ್ಪಿನ ಕೊಳೆತ ವಾಸನೆ. ಅಷ್ಟು ದಿನದ ಮೇಲೆ ಅದೆಲ್ಲ ಒಮ್ಮೆಗೇ ಕಿವಿಗೆ ನುಗ್ಗಿದಾಗ ಒಂದು ಗಳಿಗೆ ಗೋಡೆ ಹಿಡಿದು ನಿಂತೆ. ಡಾಕ್ಟರು ಮತ್ತೆ ಕೊಳವೆ ಇಳಿಸಿ ನೋಡಿದರು. ಗಂಟುಗಳು ಬಹಳಷ್ಟು ಕರಗಿದ್ದವು.

"ಪರವಾಗಿಲ್ವೇ! ನಿಜವಾಗ್ಲೂ ಸುಮ್ನಿದ್ರಾ?" ಎಂದರು. "ಇನ್ಮೇಲೆ ಸ್ವಲ್ಪ ಸ್ವಲ್ಪ ಮಾತಾಡಬಹುದು. ಕಿರಿಚೋದು ಬೇಡ. ಸ್ಕೂಲಲ್ಲಿ ಮೈಕು ಹಾಕ್ಕೊಳಿ. ಎಲ್ಲಿ, ಏನಾದ್ರೂ ಹೇಳಿ."

ಏನು ಹೇಳುವುದೆಂದು ತಿಳಿಯದೆ "ಸರಿ" ಎಂದೆ. ದನಿ ಯಾರದೋ ಎನ್ನುವ ಹಾಗಿತ್ತು.

ಬಸವನಗುಡಿಯ ಮನೆಯಲ್ಲಿ ಎರಡು ದಿನ ಉಳಿದೆ. ಯಜಮಾನರ ಜೊತೆ ಮೆಲ್ಲಗೆ ನಾಲ್ಕು ಮಾತು, ಹೂವಿನವಳ ಜೊತೆ ಒಂದು. ಎರಡನೆಯ ದಿನ ಸಂಜೆ ಫೋನು ಬಂತು. ನಾದಿನಿ ತಾನಾಗಿ ನನ್ನ ನಂಬರಿಗೆ ಫೋನು ಮಾಡಿದ್ದು ಅಲ್ಲಿಯವರೆಗೆ ಇರಲಿಲ್ಲ, ಮಾಡಿದರೆ ಅಣ್ಣನಿಗೆ.

"ಅತ್ತಿಗೆ, ಮಾತಾಡ್ಬೇಡಿ, ಕೇಳಿಸ್ಕೊಳಿ. ಮರಿ ಆಗಿವೆ. ಮೂರು. ಒಂದು ಮೊಟ್ಟೆ ಹಾಗೇ ಇದೆ. ಬೆಳಿಗ್ಗೆ ಬೇಗ ಬಂದ್ಬಿಡಿ, ಇವು ಕೂತ ಕಡೆ ಕೂರಲ್ಲ."

ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಅವಳಿಗೆ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಬಸ್ ಸ್ಟಾಪಿನಲ್ಲಿ ಅವಳು ಕೂತಿದ್ದ ದಿನದ ಬಗ್ಗೆ, ಅವಳ ಅತ್ತೆಯ ಬಗ್ಗೆ. ಗೇಟು ತೆರೆದು "ನೋಡು" ಎನ್ನುವಷ್ಟರಲ್ಲಿ, ಹೊಂಡದ ಏರಿಯ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ ನಾದಿನಿ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಅಗಲಿಸಿದಳು. ನಾನು ಚಪ್ಪಲಿ ಬಿಟ್ಟು ಮೆಲ್ಲಗೆ ಹೋಗಿ ಪಕ್ಕದಲ್ಲಿ ಕೂತೆ.

ಅಲಸಂದೆ ಆಗಲೇ ಮೊಳೆತು ಎರಡೆರಡು ಎಲೆ ಬಿಟ್ಟಿತ್ತು. ಆ ಸಾಲುಗಳ ನಡುವೆ ಉಂಡೆಯಂಥ ಮೂರು ಮರಿಗಳು. ಮೈಯಷ್ಟೇ ಉದ್ದದ ಕಾಲು. ಓಡುತ್ತವೆ, ಮುಗ್ಗರಿಸುತ್ತವೆ, ಏನನ್ನೋ ಕುಕ್ಕುತ್ತವೆ, ಮತ್ತೆ ಓಡುತ್ತವೆ. ತಾಯಿ ಮುಂದೆ, ತಂದೆ ಹಿಂದೆ, ಅಥವಾ ಅದು ಹಿಂದುಮುಂದೋ, ನಮಗೆ ಇಂದಿಗೂ ಗೊತ್ತಿಲ್ಲ. ನೀರಿನ ಕಡೆಗೆ ಹೊರಟಿದ್ದವು. ಅಷ್ಟರಲ್ಲಿ ಆಕಾಶದಲ್ಲಿ ಒಂದು ಹದ್ದು ಸುತ್ತಿತು. ಮುಂದಿದ್ದ ಟಿಟ್ಟಿಭ ಒಂದೇ ಒಂದು ಚುಟುಕು ಕೂಗು ಹಾಕಿತು. ಮೂರೂ ಮರಿಗಳು ಇದ್ದಲ್ಲೇ ನೆಲಕ್ಕೆ ಅಂಟಿಕೊಂಡವು. ಎದುರಿಗೇ ನೋಡುತ್ತಿದ್ದ ನಮಗೂ ಮರಿಗಳು ಕಾಣದಾದವು, ಬರೀ ಮಣ್ಣಿನ ಹೆಂಟೆ. ಇನ್ನೊಂದು ಹಕ್ಕಿ ನೇರ ಹದ್ದಿನ ಮೇಲೇ ಹಾರಿತು. ಕೂಗುತ್ತಾ, ಕೆಳಗಿನಿಂದ ಚುಚ್ಚುತ್ತಾ, ಅದನ್ನು ರಸ್ತೆಯಾಚೆಯವರೆಗೆ ಓಡಿಸಿ ಬಂತು. ನಾದಿನಿ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಕೆಂಪಾಗಿತ್ತು.

ಮರಿಗಳು ನೀರಿನ ಅಂಚಿಗೆ ತಲುಪಿದ ಮೇಲೆ ಅವಳು ಉಸಿರು ಬಿಟ್ಟಳು. "ಈಗ ಹೇಳಿ ಅತ್ತಿಗೆ. ಏನೋ ಹೇಳೋಕೆ ಬಂದ್ರಿ."

ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. "ಕಾಫಿ ಇದೆಯಾ?" ಎಂದೆ.

ಅವಳು ಏರಿಯ ಮೇಲೆ ಕೂತಲ್ಲೇ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಟಿಟ್ಟಿಭಗಳು ನಮ್ಮ ಮೇಲೂ ಒಂದು ಸುತ್ತು ಹಾರಿ ಬೈದು ಹೋದವು.

ಮೂರರಲ್ಲಿ ಒಂದು ಮರಿ ಆ ವಾರದಲ್ಲೇ ಇಲ್ಲವಾಯಿತು. ಬೇಲಿಯಲ್ಲಿ ಮುಂಗುಸಿಯೊಂದು ಓಡಾಡುತ್ತಿತ್ತು, ಅದೇ ಇರಬೇಕು. ಅದರ ಹಿಂದೆಯೂ ಎರಡು ಮರಿ ಇದ್ದವು, ಆದ್ದರಿಂದ ನನಗೆ ಅದನ್ನು ಹೆಚ್ಚು ದ್ವೇಷಿಸಲಾಗಲಿಲ್ಲ. ಒಡೆಯದ ಮೊಟ್ಟೆ ಒಂದು ಬೆಳಿಗ್ಗೆ ಮಾಯವಾಗಿತ್ತು. ಉಳಿದ ಎರಡು ಮರಿಗಳು ಅಲಸಂದೆ ಮೊಣಕಾಲೆತ್ತರ ಬರುವಷ್ಟರಲ್ಲಿ ಹಾರಿದವು. ಆಗ ನಾನು ಅಲ್ಲಿರಲಿಲ್ಲ, ಶಾಲೆ ಶುರುವಾಗಿತ್ತು. ನಾದಿನಿ ಫೋನಿನಲ್ಲಿ ಹೇಳಿದಳು. ಆ ತುಂಡು ಜಾಗದ ಕಳೆಯನ್ನು, ಹೇಳಿದ ಹಾಗೇ, ಅವಳೇ ಕೂತು ಕೈಯಲ್ಲಿ ಕಿತ್ತಳು. ಒಂದು ಭಾನುವಾರ ನಾನೂ ಹೋಗಿ ಕಿತ್ತೆ. ಈ ಸಲ ಅವಳು ನನ್ನ ಕೈಯಿಂದ ಬುಟ್ಟಿ ತೆಗೆದುಕೊಳ್ಳಲಿಲ್ಲ.

ಈಗ ತರಗತಿಯಲ್ಲಿ ಕತ್ತಿಗೆ ನೇತುಹಾಕುವ ಸಣ್ಣ ಮೈಕು ಇಟ್ಟುಕೊಂಡಿದ್ದೇನೆ. ಮೆಲ್ಲಗೆ ಮಾತಾಡಿದರೂ ಹಿಂದಿನ ಬೆಂಚಿಗೆ ಕೇಳುತ್ತದೆ. ನಾದಿನಿ ಹಬ್ಬಕ್ಕೆ ಬಂದರೆ ಸಂಜೆಯೇ ಹೊರಡುವುದಿಲ್ಲ, ಒಂದೆರಡು ದಿನ ಉಳಿಯುತ್ತಾಳೆ. ಇಬ್ಬರೂ ಸಂಜೆ ಗಾಂಧಿ ಬಜಾರಿಗೆ ನಡೆದು ಹೋಗುತ್ತೇವೆ. ಅಲ್ಲಿ ಮಾರುವ ಹುರುಳಿಕಾಯಿ ಮುರಿದು ನೋಡಿ, "ಎರಡು ದಿನದ್ದು" ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ.

ಈ ಬೇಸಿಗೆಯಲ್ಲಿ ಟಿಟ್ಟಿಭಗಳು ನಾದಿನಿಯ ಹೊಲದ ಬದಲು ಬೇಲಿಯಾಚೆ ಪಕ್ಕದವರ ಬೀಳು ಜಾಗದಲ್ಲಿ ಮೊಟ್ಟೆ ಇಟ್ಟವು. ಅವರು ಅಲ್ಲಿ ಹಸು ಮೇಯಲು ಬಿಡುವವರು. ನಾನು ಹೋಗುವಷ್ಟರಲ್ಲಿ ನಾದಿನಿ ಅವರ ಮನೆಗೆ ಹೋಗಿ, ಜಗುಲಿಯ ಮೇಲೆ ಕೂತು, ಎಲ್ಲ ವಿವರಿಸಿ ಬಂದಿದ್ದಳು. ಮರಿ ಆಗುವವರೆಗೆ ಹಸುವನ್ನು ಇನ್ನೊಂದು ಕಡೆ ಕಟ್ಟುತ್ತೇವೆ ಎಂದು ಅವರು ಒಪ್ಪಿಕೊಂಡಿದ್ದಾರಂತೆ.